ಭದ್ರಾವತಿಯ ಚಿಮಣಿ ನಮಗೆ ಏನಾಗಬೇಕು?

ನಮ್ಮ ಕಡೆ ಹಳೇ ಕಟ್ಟಡ ಉಳಿಸಬೇಕು ಅಂದರೆ ಎಲ್ಲರಿಗೂ ಮೊದಲು ನೆನಪಾಗುವುದು ದೇವಸ್ಥಾನ. ತರೀಕೆರೆ ಹತ್ತಿರದ ಅಮೃತಾಪುರದಲ್ಲಿ 1196ರಲ್ಲಿ ಕಟ್ಟಿದ ಅಮೃತೇಶ್ವರ ದೇವಸ್ಥಾನ ಇದೆ. ಹೊಯ್ಸಳರ ಎರಡನೇ ವೀರಬಲ್ಲಾಳನ ಕಾಲದ್ದು. ಕೇಂದ್ರ ಪುರಾತತ್ವ ಇಲಾಖೆ ಅದನ್ನು ನೋಡಿಕೊಳ್ಳುತ್ತಿದೆ. ಅಲ್ಲಿನ ಒಂದು ಕಲ್ಲು ಅಲುಗಿದರೂ ಕೇಳುವವರಿದ್ದಾರೆ. ಇರಲೇಬೇಕು.

ಆದರೆ ಶಿವನಿ, ಅಜ್ಜಂಪುರ, ತರೀಕೆರೆ ಸುತ್ತಿನ ಎಷ್ಟೋ ಮನೆಗಳಲ್ಲಿ ಒಲೆ ಉರಿದದ್ದು ಭದ್ರಾವತಿಯ ಕಾರ್ಖಾನೆಗಳಿಂದ. ಶಿವನಿ ಸ್ಟೇಷನ್‌ನಲ್ಲಿ ರೈಲು ಹತ್ತಿ, ಬೀರೂರಿನಲ್ಲಿ ಇಳಿದು, ಶಿವಮೊಗ್ಗ ಗಾಡಿ ಹಿಡಿದರೆ ತರೀಕೆರೆ ದಾಟಿ ಭದ್ರಾವತಿ. ಹಾಗೆ ಹೋದವರು ಹಬ್ಬಕ್ಕೆ ಊರಿಗೆ ಬರುವಾಗ ಮಕ್ಕಳಿಗೆ ಬಟ್ಟೆ, ಮನೆಗೆ ಒಂದು ತಿಂಗಳ ಸಾಮಾನು ತರುತ್ತಿದ್ದರು. ನಮ್ಮ ದೊಡ್ಡಪ್ಪನೂ ಹಾಗೆ ಹೋದವರೇ. ‘ನನಗೆ ಗಡಿಯಾರ ಬೇಕಿರಲಿಲ್ಲ, ಸೈರನ್ ಸಾಕಿತ್ತು’ ಅಂತ ಈಗಲೂ ಹೇಳುತ್ತಾರೆ.

ಆ ಊರಿನ ಹಳೇ ಹೆಸರು ಬೆಂಕಿಪುರ. ಅಲ್ಲಿ ಮೈಸೂರು ಸರ್ಕಾರ ಕಬ್ಬಿಣದ ಕಾರ್ಖಾನೆಯ ಕೆಲಸ ಶುರು ಮಾಡಿದ್ದು 1918ರಲ್ಲಿ. 1923ರ ಜನವರಿಯಲ್ಲಿ ಕುಲುಮೆಗೆ ಬೆಂಕಿ ಬಿತ್ತು. ಸರ್ ಎಂ. ವಿಶ್ವೇಶ್ವರಯ್ಯನವರು ಅದರ ಅಧ್ಯಕ್ಷರಾಗಿದ್ದು ಕಾರ್ಖಾನೆಯನ್ನು ನಿಲ್ಲಿಸಿಕೊಟ್ಟರು.

ಕಲ್ಲಿದ್ದಲು ನಮ್ಮ ಸೀಮೆಯಲ್ಲಿ ಸಿಗುವುದಿಲ್ಲ. ಅದಕ್ಕೆ ಕಾಡಿನ ಕಟ್ಟಿಗೆಯಿಂದ ಮಾಡಿದ ಇದ್ದಿಲನ್ನೇ ಕುಲುಮೆಗೆ ಹಾಕಿದರು. ಕಟ್ಟಿಗೆಯನ್ನು ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿದರೆ ಇದ್ದಿಲಿನ ಜೊತೆ ಟಾರು, ಸ್ಪಿರಿಟ್ಟು ಕೂಡ ಬರುತ್ತಿತ್ತು. ಅದಿರು ಬಂದದ್ದು ನಮ್ಮ ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯಿಂದ. ಹೆಸರಿನಲ್ಲೇ ಕೆಂಪು ಮಣ್ಣೂ ಇದೆ, ಗುಂಡಿಯೂ ಇದೆ. ಬೆಟ್ಟದ ಮೇಲಿಂದ ರೋಪ್‌ವೇ ತೊಟ್ಟಿಲುಗಳಲ್ಲಿ ಅದಿರು ಕೆಳಗಿಳಿದು, ಸಣ್ಣ ರೈಲಿನಲ್ಲಿ ಕಾರ್ಖಾನೆ ಸೇರುತ್ತಿತ್ತು. ಇವತ್ತು ಕೆಮ್ಮಣ್ಣುಗುಂಡಿಗೆ ಬರುವವರು ಹೂದೋಟದ ಫೋಟೊ ತೆಗೆದುಕೊಂಡು ಹೋಗುತ್ತಾರೆ. ಗುಂಡಿ ತೋಡಿದವರ ಬಗ್ಗೆ ಕೇಳುವವರು ಕಡಿಮೆ.

1936ರಲ್ಲಿ ಮೈಸೂರು ಕಾಗದ ಕಾರ್ಖಾನೆ, ಅಂದರೆ ಎಂಪಿಎಂ ಬಂತು. ಅದರ ಸುತ್ತ ಪೇಪರ್ ಟೌನ್ ಬೆಳೆಯಿತು. ಕಬ್ಬಿಣದ ಕಾರ್ಖಾನೆಗೆ ವಿಶ್ವೇಶ್ವರಯ್ಯನವರ ಹೆಸರು ಇಟ್ಟರು, ವಿಐಎಸ್ಎಲ್ ಆಯಿತು. 1989ರಲ್ಲಿ ಅದು ಕೇಂದ್ರದ ಸೈಲ್ ಕೈಗೆ ಹೋಯಿತು. ಎಂಪಿಎಂ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. 2023ರ ಜನವರಿಯಲ್ಲಿ, ಕುಲುಮೆಗೆ ಬೆಂಕಿ ಬಿದ್ದು ಸರಿಯಾಗಿ ನೂರು ವರ್ಷ ತುಂಬುವ ಹೊತ್ತಿಗೆ, ವಿಐಎಸ್ಎಲ್ ಮುಚ್ಚುವ ತೀರ್ಮಾನ ಹೊರಬಿತ್ತು. ಕಾರ್ಮಿಕರು ತಿಂಗಳುಗಟ್ಟಲೆ ಧರಣಿ ಕೂತರು. ಅದೇ ಆಗಸ್ಟ್‌ನಲ್ಲಿ ರೋಲಿಂಗ್ ಮಿಲ್ ಮತ್ತೆ ತಿರುಗಿತು.

ಆ ದಿನಗಳಲ್ಲಿ ನಮಗೆ ಪತ್ರಿಕಾ ಕಚೇರಿಯಿಂದ ಬರುತ್ತಿದ್ದ ಪ್ರಶ್ನೆ ಒಂದೇ: ಎಷ್ಟು ಜನರ ಕೆಲಸ ಹೋಗುತ್ತದೆ? ಅದು ಸರಿಯಾದ ಪ್ರಶ್ನೆ. ಅನ್ನದ ಪ್ರಶ್ನೆ ಮೊದಲು. ಆದರೆ ಕಾರ್ಖಾನೆ ನಿಂತ ಮೇಲೆ ಎರಡನೇ ಪ್ರಶ್ನೆಯೂ ಬರುತ್ತದೆ, ಅದನ್ನು ಕೇಳುವವರು ಇರುವುದಿಲ್ಲ: ಈ ಕಟ್ಟಡ, ಈ ಕ್ವಾರ್ಟರ್ಸ್, ಈ ದಾಖಲೆ ಪುಸ್ತಕಗಳನ್ನು ಏನು ಮಾಡುತ್ತೀರಿ?

ನಿಂತ ಯಂತ್ರ ಲೆಕ್ಕದಲ್ಲಿ ಗುಜರಿ. ತೂಕಕ್ಕೆ ಹೋಗುತ್ತದೆ. ಖಾಲಿ ಕ್ವಾರ್ಟರ್ಸ್‌ನ ಹೆಂಚು ಒಂದು ಮಳೆಗಾಲದಲ್ಲಿ ಜಾರುತ್ತದೆ, ಮುಂದಿನ ಮಳೆಗೆ ಗೋಡೆ ನೆನೆಯುತ್ತದೆ, ಆಮೇಲೆ ಬಾಗಿಲು ಕಿಟಕಿ ಯಾರೋ ಒಯ್ಯುತ್ತಾರೆ. ಆಗ ‘ಅಪಾಯಕಾರಿ ಕಟ್ಟಡ’ ಅಂತ ಕೆಡವುವುದು ಸುಲಭ. ಹಾಜರಿ ಪುಸ್ತಕಗಳಿಗೆ ಗೆದ್ದಲೇ ಸಾಕು.

ಕಾನೂನು ಇಲ್ಲ ಅಂತಲ್ಲ. ಕೇಂದ್ರದ 1958ರ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಟ್ಟಡವನ್ನು ಸ್ಮಾರಕ ಅಂತ ಘೋಷಿಸಬಹುದು. ರಾಜ್ಯಕ್ಕೂ 1961ರ ಕಾಯ್ದೆ ಇದೆ. ಆದರೆ ವಯಸ್ಸಾದ ಮಾತ್ರಕ್ಕೆ ರಕ್ಷಣೆ ತಾನಾಗಿ ಬರುವುದಿಲ್ಲ. ಸರ್ಕಾರ ಅಧಿಸೂಚನೆ ಹೊರಡಿಸಬೇಕು. ಅದಕ್ಕೆ ಮೊದಲು ಯಾರಾದರೂ ಕೇಳಬೇಕು. ಭದ್ರಾವತಿ ಹಳೇ ನಗರದ ಹೊಯ್ಸಳ ಕಾಲದ ಲಕ್ಷ್ಮೀನರಸಿಂಹ ದೇವಸ್ಥಾನಕ್ಕೆ ಭಕ್ತರಿದ್ದಾರೆ. ಚಿಮಣಿಗೆ ಭಕ್ತರಿಲ್ಲ.

ಈ ಮಾತನ್ನು ನಿವೃತ್ತರೊಬ್ಬರ ಮುಂದೆ ಹೇಳಿದಾಗ ಅವರು ನಕ್ಕರು. ‘ಮಕ್ಕಳಿಗೆ ಕೆಲಸ ಕೊಡಿಸ್ರಪ್ಪ, ಮ್ಯೂಸಿಯಂ ಆಮೇಲೆ ಮಾಡೋಣ’ ಅಂದರು. ಈ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ಇನ್ನೊಂದು ಮಾತೂ ಇದೆ: ಆ ಕುಲುಮೆ ನಮ್ಮ ಮಲೆನಾಡಿನ ಕಾಡನ್ನೂ ತಿಂದಿದೆ. ಉಳಿಸುವುದಾದರೆ ಅದನ್ನೂ ಬರೆದೇ ಉಳಿಸಬೇಕು. ಬರೀ ಹೊಗಳಿಕೆಯ ಬೋರ್ಡು ಬೇಡ.

ಕೆಲಸವೋ ಕಟ್ಟಡವೋ ಅಂತ ಒಂದನ್ನೇ ಆರಿಸಬೇಕಾಗಿಲ್ಲ. ಸ್ಕಾಟ್ಲೆಂಡಿನಲ್ಲಿ ನ್ಯೂ ಲ್ಯಾನಾರ್ಕ್ ಅಂತ ಒಂದು ಹತ್ತಿ ಗಿರಣಿಯ ಊರಿದೆ. 1968ರಲ್ಲಿ ಗಿರಣಿ ನಿಂತಿತು. ಊರು ಹಾಳು ಬೀಳುತ್ತಿತ್ತು. ಅಲ್ಲಿನವರು ಮೊದಲು ಕೈ ಹಾಕಿದ್ದು ಕಾರ್ಮಿಕರ ಮನೆಗಳಿಗೆ. ರಿಪೇರಿ ಮಾಡಿ ಜನ ವಾಸ ಇರುವ ಹಾಗೆ ಮಾಡಿದರು. ಇವತ್ತೂ ಅಲ್ಲಿ ಸಂಸಾರಗಳಿವೆ, ಗಿರಣಿ ಕಟ್ಟಡದಲ್ಲಿ ಹೋಟೆಲ್ ಇದೆ. 2001ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಜರ್ಮನಿಯ ಫೋಲ್ಕ್ಲಿಂಗೆನ್ ಕಬ್ಬಿಣದ ಕಾರ್ಖಾನೆ ನಿಂತದ್ದು 1986ರಲ್ಲಿ. ಎಂಟೇ ವರ್ಷಕ್ಕೆ ಅದೂ ಆ ಪಟ್ಟಿಯಲ್ಲಿತ್ತು. ಕುಲುಮೆಗಳನ್ನು ಜನ ಟಿಕೆಟ್ ಕೊಟ್ಟು ನೋಡುತ್ತಾರೆ.

ಅಷ್ಟು ದುಡ್ಡು ನಮ್ಮಲ್ಲಿಲ್ಲ. ಆದರೆ ದುಡ್ಡಿಲ್ಲದೆ ಆಗುವ ಕೆಲಸಗಳೂ ಇವೆ. ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಕಾರ್ಖಾನೆಯ ಗೇಟ್ ಪಾಸ್, ಸಂಬಳದ ಚೀಟಿ, ಹಳೇ ಗ್ರೂಪ್ ಫೋಟೊ ಇದ್ದರೆ ಗುಜರಿಯವರಿಗೆ ಕೊಡಬೇಡಿ. ಮೊಬೈಲಿನಲ್ಲಿ ಫೋಟೊ ತೆಗೆದು, ಯಾರದ್ದು, ಯಾವ ವರ್ಷ ಅಂತ ಬರೆದಿಡಿ. ಕುಲುಮೆ ಮುಂದೆ ನಿಂತವರು, ಕಟ್ಟಿಗೆ ಕಡಿದವರು ಇನ್ನೂ ಇದ್ದರೆ ಅವರನ್ನು ಕೂರಿಸಿ ಮಾತು ರೆಕಾರ್ಡ್ ಮಾಡಿ. ನಿಮ್ಮೂರಿನಿಂದ ಹೆಚ್ಚು ಜನ ಹೋಗಿದ್ದರೆ ಗ್ರಾಮಸಭೆಯಲ್ಲಿ ಒಂದು ನಿರ್ಣಯ ಮಾಡಿಸಿ, ಮೈಸೂರಿನಲ್ಲಿರುವ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ಕಳಿಸಿ. ಏನು ಉಳಿಯಬೇಕು ಅಂತ ಅದರಲ್ಲಿ ಹೆಸರು ಹೇಳಿ: ಹಳೇ ಕುಲುಮೆ, ಚಿಮಣಿ, ಒಂದು ಸಾಲು ಕ್ವಾರ್ಟರ್ಸ್, ಹಾಜರಿ ಪುಸ್ತಕಗಳು.

ನಾವು ದೊಡ್ಡಪ್ಪನ ಮಾತು ರೆಕಾರ್ಡ್ ಮಾಡಲು ಶುರು ಮಾಡಿದ್ದೇವೆ. ಎರಡು ಗಂಟೆ ಆಗಿದೆ, ಇನ್ನೂ ಅವರು ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಮುಗಿದಿಲ್ಲ.