ಅವರ ನಡುರಾತ್ರಿ, ನಮ್ಮ ಊಟದ ಹೊತ್ತು

ಆಫೀಸು, ಆಸ್ಪತ್ರೆ, ಏರ್‌ಪೋರ್ಟುಗಳ ಸೀಲಿಂಗ್‌ನಲ್ಲಿ ಬಿಳೀ ತಟ್ಟೆ ಬೋರಲು ಹಾಕಿದ ಹಾಗೆ ಒಂದು ಡಬ್ಬಿ ಅಂಟಿಕೊಂಡಿರುತ್ತಲ್ಲ, ಪುಟ್ಟದೊಂದು ದೀಪ ಬೇರೆ... ಅದೇ ಆಕ್ಸೆಸ್ ಪಾಯಿಂಟು. ನಾವು ಚಿಕ್ಕದಾಗಿ ಎಪಿ ಅಂತೀವಿ. ಮನೆಯಲ್ಲಾದರೆ ಒಂದೇ ಡಬ್ಬಿ, ಅದಕ್ಕೆ ಅದರದ್ದೇ ಬುದ್ಧಿ. ದೊಡ್ಡ ಕಟ್ಟಡದಲ್ಲಿ ನೂರಾರು ಇರುತ್ತವೆ, ಒಂದೊಂದಕ್ಕೂ ಬೇರೆ ಬೇರೆ ಬುದ್ಧಿ ಹೇಳ್ತಾ ಕೂರೋಕಾಗುತ್ತಾ? ಅದಕ್ಕೇ ಎಲ್ಲಕ್ಕೂ ಸೇರಿ ಒಬ್ಬ ಯಜಮಾನ, ಕಂಟ್ರೋಲರ್ ಅಂತ. ಯಾವ ಚಾನೆಲ್ಲು, ಎಷ್ಟು ಪವರು, ಯಾರನ್ನ ಒಳಗೆ ಬಿಡಬೇಕು, ಎಲ್ಲಾ ಅವನ ಹುಕುಂ. ಇವರಿಬ್ಬರು ಮಾತಾಡಿಕೊಳ್ಳುವ ಭಾಷೆಗೆ ಕ್ಯಾಪ್‌ವ್ಯಾಪ್ ಅಂತ ಹೆಸರು. 2009ರಲ್ಲಿ ಆರ್‌ಎಫ್‌ಸಿ 5415 ಅಂತ ಅಧಿಕೃತವಾಗಿ ಪ್ರಕಟವಾಯಿತು.

ಈ ಯಜಮಾನನಿಗೆ ಹೊಸ ಸಾಫ್ಟ್‌ವೇರ್ ಹಾಕುವುದು ನನ್ನ ಹೊಟ್ಟೆಪಾಡು. ಮೊಬೈಲಿನಲ್ಲಿ ಆ್ಯಪ್ ಅಪ್‌ಡೇಟ್ ಮಾಡಿದ ಹಾಗೆ ತಾನೆ ಅಂತ ನೆಂಟರು ಕೇಳ್ತಾರೆ. ಅಷ್ಟೇ ಆಗಿದ್ದರೆ ನನಗೆ ಸಂಬಳ ಯಾಕೆ ಕೊಡ್ತಿದ್ರು ಹೇಳಿ! ವಿಷಯ ಏನಪ್ಪಾ ಅಂದ್ರೆ, ಸಾಮಾನ್ಯವಾಗಿ ಯಜಮಾನನ ಹತ್ತಿರ ಯಾವ ವರ್ಷನ್ ಇದೆಯೋ ಆಳಿನ ಹತ್ತಿರವೂ ಅದೇ ಇರಬೇಕು. ಬೇರೆ ವರ್ಷನ್ ಹೊತ್ತು ಬಂದ ಎಪಿಗೆ ಕಂಟ್ರೋಲರ್ ಮೊದಲು ತನ್ನದನ್ನು ಕೊಡುತ್ತೆ. ಎಪಿ ಅದನ್ನು ಇಳಿಸಿಕೊಂಡು, ತನ್ನೊಳಗೆ ಬರೆದುಕೊಂಡು, ಒಮ್ಮೆ ಸತ್ತು ಹುಟ್ಟಿ ವಾಪಸ್ ಬರುತ್ತೆ. ಅಂದ್ರೆ ಒಂದು ಕಂಟ್ರೋಲರ್ ಬದಲಾಯಿಸಿದರೆ ಆ ಕಟ್ಟಡದ ಪ್ರತಿಯೊಂದು ಡಬ್ಬಿಯೂ ಒಂದು ಸಲ ಕಣ್ಣು ಮುಚ್ಚಲೇಬೇಕು.

ಇದಕ್ಕೊಂದು ಸುಲಭದ ದಾರಿ ಇದೆ. ಎಪಿಯ ಹೊಟ್ಟೆಯಲ್ಲಿ ಎರಡು ಸಾಫ್ಟ್‌ವೇರ್‌ಗೆ ಜಾಗ ಇರುತ್ತೆ. ಹಿಂದಿನ ದಿನವೇ ಖಾಲಿ ಜಾಗಕ್ಕೆ ಹೊಸದನ್ನು ಇಳಿಸಿಟ್ಟರೆ ಯಾರಿಗೂ ಗೊತ್ತಾಗಲ್ಲ, ವೈ-ಫೈ ನಡೀತಾನೇ ಇರುತ್ತೆ. ರಾತ್ರಿ ಬರೀ ಅದಲು ಬದಲು ಮಾಡಿ ರೀಬೂಟ್ ಮಾಡೋದು. ಆದರೆ ಆ ರೀಬೂಟಿನ ಕೆಲವು ನಿಮಿಷ ಯಾರಪ್ಪನಿಗೂ ತಪ್ಪಿದ್ದಲ್ಲ.

ಆ ನಿಮಿಷಗಳನ್ನ ಯಾವಾಗ ಕದಿಯೋದು ಅನ್ನೋದೇ ಪ್ರಶ್ನೆ. ಎಲ್ಲರೂ ಮಲಗಿರುವಾಗ ಅಂತ ಪುಸ್ತಕ ಹೇಳುತ್ತೆ. ನಾನು ಕೂತಿರೋದು ಬೆಂಗಳೂರಲ್ಲಿ, ಡಬ್ಬಿಗಳಿರೋದು ಅಮೆರಿಕದ ಪೂರ್ವ ಕರಾವಳಿಯ ಒಂದು ಆಸ್ಪತ್ರೆಯಲ್ಲಿ. ಬೇಸಿಗೆಯಲ್ಲಿ ಅವರ ಭಾನುವಾರ ಬೆಳಗಿನ ಜಾವ ಎರಡು ಗಂಟೆ ಅಂದ್ರೆ ನಮಗೆ ಹನ್ನೊಂದೂವರೆ. ಅಡುಗೆಮನೆಯಲ್ಲಿ ಒಗ್ಗರಣೆ ಸಿಡಿಯುತ್ತಿರುವಾಗ ನಾನು ಹೆಡ್‌ಫೋನ್ ಹಾಕಿಕೊಂಡು, ದನಿ ತಗ್ಗಿಸಿ ಮಾತಾಡ್ತಿರ್ತೀನಿ. ಯಾಕೋ ಪಿಸುಗುಟ್ಟುತ್ತಿದ್ದೀಯಾ ಅಂತ ಅಮ್ಮ. ಅಲ್ಲಿ ನಡುರಾತ್ರಿ ಅಮ್ಮಾ ಅಂದ್ರೆ ಅವಳಿಗೆ ನಗು.

ಆಸ್ಪತ್ರೆಗೆ ರಾತ್ರಿ ಅನ್ನೋದೇ ಇಲ್ಲ ಅಂತ ನನಗೆ ಗೊತ್ತಾಗಿದ್ದು ಈ ಕೆಲಸಕ್ಕೆ ಬಂದ ಮೇಲೆ. ಎರಡು ಗಂಟೆಗೂ ಅಲ್ಲಿ ಔಷಧಿ ಕೊಡ್ತಾ ಇರ್ತಾರೆ. ಕೊಡೋ ಮೊದಲು ರೋಗಿಯ ಕೈಗೆ ಕಟ್ಟಿದ ಪಟ್ಟಿಯ ಬಾರ್‌ಕೋಡ್ ಸ್ಕ್ಯಾನ್ ಮಾಡಬೇಕು, ಸ್ಕ್ಯಾನರ್ ಇರೋದು ವೈ-ಫೈ ಮೇಲೆ. ನರ್ಸ್‌ಗಳ ಕೈಲಿರೋ ಫೋನುಗಳೂ ವೈ-ಫೈ. ಡ್ರಿಪ್ ಪಂಪುಗಳು ವೈ-ಫೈ ಹೋದ ಮಾತ್ರಕ್ಕೆ ನಿಲ್ಲಲ್ಲ, ಅಷ್ಟು ಬುದ್ಧಿವಂತಿಕೆಯಿಂದ ಮಾಡಿದ್ದಾರೆ ಪುಣ್ಯಕ್ಕೆ. ಆದರೆ ಪಂಪು ಕೂಗಿದ್ದನ್ನು ದೂರದಲ್ಲಿರುವ ನರ್ಸ್ ಫೋನಿಗೆ ಮುಟ್ಟಿಸೋದು ಇದೇ ಬಿಳೀ ಡಬ್ಬಿ.

ಹಾಗಾದ್ರೆ ಸುಮ್ಮನಿರಬಾರದಾ? ಓಡ್ತಿರೋ ಗಾಡಿಯ ಬಾನೆಟ್ ಯಾಕೆ ಎತ್ತಬೇಕು? ನಮ್ಮ ಟೀಮಿನಲ್ಲೂ ಈ ಪಂಥದವರಿದ್ದಾರೆ. "ಮುಟ್ಬೇಡ ಗುರು, ನಡೀತಾ ಇದೆಯಲ್ಲ" ಅಂತಾರೆ. ಅವರಿಗೆ ನಾನು ಹೇಳೋದು 2017ರ ಅಕ್ಟೋಬರ್ ಕಥೆ. ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದ ಮ್ಯಾಥಿ ವಾನ್‌ಹೂಫ್ ಅನ್ನೋ ಸಂಶೋಧಕ, ಡಬ್ಲ್ಯೂಪಿಎ2 ಕೈಕುಲುಕುವ ವಿಧಾನದಲ್ಲೇ ತೂತಿದೆ ಅಂತ ತೋರಿಸಿದ. ಕ್ರ್ಯಾಕ್ ಅಂತ ಅದಕ್ಕೆ ಹೆಸರು. ಹೆಚ್ಚಿನ ತೂತುಗಳು ಫೋನು ಲ್ಯಾಪ್‌ಟಾಪ್‌ಗಳ ಕಡೆಯವು, ಆದರೆ ಒಂದು ಮಾತ್ರ ನೇರವಾಗಿ ಎಪಿಯದ್ದು. 802.11ಆರ್ ಅಂತ ಒಂದು ಸೌಲಭ್ಯ ಇದೆ, ಮಾತಾಡ್ತಾ ನಡೆದು ಹೋಗುವವರ ಕರೆ ಒಂದು ಎಪಿಯಿಂದ ಇನ್ನೊಂದಕ್ಕೆ ಕತ್ತರಿಸದ ಹಾಗೆ ದಾಟಿಸೋಕೆ. ತೂತು ಇದ್ದದ್ದು ಅದರಲ್ಲೇ. ಉದ್ದುದ್ದ ಕಾರಿಡಾರುಗಳಲ್ಲಿ ಫೋನು ಹಿಡಿದು ಓಡಾಡೋರು ಯಾರು? ನರ್ಸ್‌ಗಳು! ಆಮೇಲೆ 2021ರ ಮೇ ತಿಂಗಳಲ್ಲಿ ಅದೇ ವಾನ್‌ಹೂಫ್ ಫ್ರ್ಯಾಗ್‌ಅಟ್ಯಾಕ್ಸ್ ಅಂತ ಇನ್ನೊಂದು ಗಂಟು ಬಿಚ್ಚಿದ. ಅದರಲ್ಲಿ ಕೆಲವು ದೋಷ 1997ರ ಮೂಲ ವೈ-ಫೈಯಿಂದಲೇ ಬಂದವು. ಮುಟ್ಟದೇ ಇದ್ದರೆ ಗಾಡಿ ಓಡುತ್ತೆ ನಿಜ, ಬಾಗಿಲು ತೆಗೆದುಕೊಂಡೇ ಓಡುತ್ತೆ.

ಇನ್ನೂ ಒಂದಿದೆ. ಮುಟ್ಟದೇ ಬಿಟ್ಟದ್ದು ಹಾಗೇ ಇರುತ್ತೆ ಅನ್ನೋದೂ ಸುಳ್ಳು. ಸಿಸ್ಕೊದ ಹಳೇ ತಲೆಮಾರಿನ, ಐಒಎಸ್ ಮೇಲೆ ಓಡುವ ಎಪಿಗಳ ಸಾಫ್ಟ್‌ವೇರ್‌ಗೆ ಹಾಕಿದ ಸಹಿಯ ಸರ್ಟಿಫಿಕೇಟು 2022ರ ಡಿಸೆಂಬರ್ 4ಕ್ಕೆ ಅವಧಿ ಮುಗಿಸಿತು. ನಡೀತಿದ್ದ ಎಪಿ ನಡೀತಾನೇ ಇತ್ತು, ಏನೂ ಆಗಲಿಲ್ಲ. ಆದರೆ ಆ ದಿನದ ನಂತರ ಅಪ್‌ಗ್ರೇಡ್ ಮಾಡೋಕೆ ಹೋದರೆ ಎಪಿ ಸಹಿ ನೋಡಿ, ಇದು ಹಳಸಿದ್ದು, ಒಲ್ಲೆ ಅಂತ ಮತ್ತೆ ಮತ್ತೆ ಇಳಿಸಿಕೊಳ್ಳುತ್ತಾ ಕೂರುವ ಸಾಧ್ಯತೆ. ಸರಿಪಡಿಸಿದ ವರ್ಷನ್‌ಗಳನ್ನ ಕಂಪನಿ ಕೊಟ್ಟಿತು. ಜೊತೆಗೇ ಇನ್ನೊಂದು ಉಪಾಯ ಹೇಳಿತು, ನನಗೆ ಬಹಳ ಇಷ್ಟವಾದದ್ದು: ಕಂಟ್ರೋಲರಿಗೆ ಸರಿಯಾದ ಟೈಮು ಹೇಳುವ ಎನ್‌ಟಿಪಿ ನಿಲ್ಲಿಸಿ, ಗಡಿಯಾರವನ್ನು ಕೈಯಾರೆ ಡಿಸೆಂಬರ್ 4ಕ್ಕಿಂತ ಹಿಂದಕ್ಕೆ ತಿರುಗಿಸಿ. ಎಪಿಗಳು ಹಳೇ ದಿನದಲ್ಲೇ ಇದ್ದೇವೆ ಅಂತ ನಂಬಿ ಇಳಿಸಿಕೊಳ್ಳುತ್ತವೆ. ಆಮೇಲೆ ಗಡಿಯಾರ ಸರಿಮಾಡಿ. ಮಗುವಿಗೆ ಚಂದಮಾಮ ತೋರಿಸಿ ತುತ್ತು ತಿನ್ನಿಸೋದಕ್ಕೂ ಇದಕ್ಕೂ ಏನು ವ್ಯತ್ಯಾಸ! ತೀರಾ ಹಿಂದಕ್ಕೂ ತಿರುಗಿಸೋ ಹಾಗಿಲ್ಲ, ಇನ್ನೂ ಹುಟ್ಟೇ ಇರದ ಸರ್ಟಿಫಿಕೇಟೂ ಅವಕ್ಕೆ ಒಗ್ಗಲ್ಲ. ನಮ್ಮ ಆಸ್ಪತ್ರೆಯ ಡಬ್ಬಿಗಳು ಬೇರೆ ಜಾತಿಯವಾದ್ದರಿಂದ ಇದು ನಮಗೆ ತಟ್ಟಲಿಲ್ಲ.

ಈಗಿನ ಕಂಟ್ರೋಲರುಗಳು ಸ್ವಲ್ಪ ಜಾಣರಾಗಿವೆ. ಉದಾಹರಣೆಗೆ 2018ರಲ್ಲಿ ಬಂದ ಕ್ಯಾಟಲಿಸ್ಟ್ 9800 ಸರಣಿಯಲ್ಲಿ, ಪಕ್ಕದಲ್ಲೊಂದು ಬದಲಿ ಕಂಟ್ರೋಲರ್ ಇಟ್ಟುಕೊಂಡು ಎಪಿಗಳನ್ನು ಕಂತುಗಳಲ್ಲಿ ದಾಟಿಸಬಹುದು. ಒಂದು ಸಲಕ್ಕೆ ನೂರಕ್ಕೆ 5, 15 ಅಥವಾ 25. ಒಂದು ಎಪಿ ಮಲಗಿದಾಗ ಅಕ್ಕಪಕ್ಕದವು ಎದ್ದಿರುವ ಹಾಗೆ ಅದೇ ನೋಡಿಕೊಳ್ಳುತ್ತೆ. ಅಕ್ಕಪಕ್ಕ ಅಂತ ಅದು ತಿಳಿಯೋದು ಎಪಿಗಳು ಒಂದಕ್ಕೊಂದು ಎಷ್ಟು ಗಟ್ಟಿಯಾಗಿ ಕೇಳಿಸುತ್ತವೆ ಅನ್ನೋದರ ಮೇಲೆ. ಆದರೆ ಎಕ್ಸ್‌ರೇ ಕೋಣೆಯ ಗೋಡೆಯೊಳಗೆ ಸೀಸದ ಹಾಳೆ ಇರುತ್ತೆ. ಒಳಗಿನ ಎಪಿಗೆ ಹೇಳಿಕೊಳ್ಳುವಂಥ ನೆರೆಯವರೇ ಇಲ್ಲ, ಅದು ಮಲಗಿದರೆ ಕೋಣೆಯೇ ಕತ್ತಲು. ಕಂತಿನ ಲೆಕ್ಕಕ್ಕೆ ಅಲ್ಲಿ ಕೆಲಸವಿಲ್ಲ, ಯಾರಾದರೂ ಹೇಳಬೇಕು.

ಹೇಳಿದ್ದು ಅಲ್ಲಿನ ರಾತ್ರಿಪಾಳಿಯ ಮೇಲ್ವಿಚಾರಕಿ ನರ್ಸ್. ಅವರ ಮುಖ ನಾನು ನೋಡಿಲ್ಲ, ದನಿ ಮಾತ್ರ ಗೊತ್ತು. ಆ ಆಸ್ಪತ್ರೆಯನ್ನೂ ನೋಡಿಲ್ಲ. ಎಪಿಗಳ ಹೆಸರಲ್ಲೇ ಕಟ್ಟಡ ಪರಿಚಯ: ನಾಲ್ಕನೇ ಮಹಡಿ ಪೂರ್ವ ಹದಿನಾರು, ಹದಿನೇಳು, ಹೀಗೆ.

ಒಂದು ಭಾನುವಾರ ನಾಲ್ಕನೇ ಮಹಡಿಯ 38 ಎಪಿಗಳಲ್ಲಿ 37 ವಾಪಸ್ ಬಂದವು. ಒಂದು ಇಲ್ಲ. ಆ ಹದಿನೇಳೇ. ನೂರಕ್ಕೆ 97, ಎಷ್ಟೋ ಕಡೆ ಇದಕ್ಕೆ ಶಹಬ್ಬಾಸ್ ಸಿಗುತ್ತೆ. ಐದು ನಿಮಿಷಕ್ಕೆ ಅವರ ಕರೆ ಬಂತು, ತಂತಿ ಫೋನಿನಿಂದ. ಹಸುಗೂಸುಗಳ ವಾರ್ಡಿನ ಮೂಲೆಯಲ್ಲಿ ಫೋನುಗಳು ಸತ್ತಿವೆ ಅಂದರು. ದೀಪ ಯಾವ ಬಣ್ಣ ನೋಡಿ ಹೇಳ್ತೀರಾ ಅಂತ ಕೇಳಿದೆ. ಹೋಗಿ ನೋಡಿ ಬಂದು, ಹಸಿರು ಕೆಂಪು ಅಂತ ಬದಲಾಗ್ತಾನೇ ಇದೆ ಅಂದರು. ಅಂದ್ರೆ ಜೀವ ಇದೆ, ಯಜಮಾನನನ್ನು ಹುಡುಕುತ್ತಾ ಅಲೀತಿದೆ. ಎಪಿಗೆ ಕರೆಂಟು ಬರೋದು ನೆಟ್‌ವರ್ಕ್ ಕೇಬಲ್ಲಿನಲ್ಲೇ, ಹಾಗಾಗಿ ಬೆಂಗಳೂರಿನಿಂದಲೇ ಸ್ವಿಚ್ಚಿನ ಆ ಪೋರ್ಟಿನ ಕರೆಂಟು ತೆಗೆದು ಮತ್ತೆ ಕೊಟ್ಟೆ. ಇನ್ನು ಕಾಯೋದು. ಎಷ್ಟು ಹೊತ್ತು ಅಂದರು. ಆರೇಳು ನಿಮಿಷ ಅಂದೆ.

"ಸರಿ, ಬಾಗಿಲಲ್ಲಿ ಒಬ್ಬಳನ್ನ ನಿಲ್ಲಿಸಿದ್ದೀನಿ. ಒಳಗಿಂದ ಏನೇ ಇದ್ದರೂ ಅವಳೇ ಓಡಿ ಬಂದು ಹೇಳ್ತಾಳೆ" ಅಂದರು.

ನನ್ನ ಪರದೆಯಲ್ಲಿ ಏನೂ ಇಲ್ಲ, ಒಂದು ಖಾಲಿ ಸಾಲು. ಆ ಹುಡುಗಿ ಅಲ್ಲಿ ಬಾಗಿಲಿಗೆ ಒರಗಿ, ಒಂದು ಕಿವಿ ಒಳಗೆ ಇಟ್ಟು ನಿಂತಿರೋದು ಮಾತ್ರ ಕಣ್ಣಿಗೆ ಕಟ್ಟಿದ ಹಾಗಿತ್ತು. ಆ ಏಳು ನಿಮಿಷ ಆ ಮೂಲೆಗೆ ಅವಳೇ ಆಕ್ಸೆಸ್ ಪಾಯಿಂಟು. ಆಮೇಲೆ ಸಾಲು ತುಂಬಿತು. ಕ್ಲೈಂಟುಗಳು ಸೊನ್ನೆ, ಒಂದು, ನಾಲ್ಕು. ಹೇಳಿದೆ. ಅವರು ಥ್ಯಾಂಕ್ಸ್ ಹೇಳಿ ಇಟ್ಟರು, ಅವರಿಗೆ ಬೇರೆ ಕೆಲಸ ಇತ್ತು.

ಮರುವಾರ ಅವರಿಂದ ಒಂದು ಪಟ್ಟಿ ತರಿಸಿಕೊಂಡೆ. ಯಾವ ಎರಡು ಎಪಿ ಒಟ್ಟಿಗೆ ಮಲಗಬಾರದು, ಎಲ್ಲಿ ಮೊದಲೇ ಒಬ್ಬರನ್ನು ನಿಲ್ಲಿಸಿಕೊಳ್ಳಬೇಕು, ಎಕ್ಸ್‌ರೇ ಕೋಣೆ ಯಾವಾಗ ಖಾಲಿ, ಎಲ್ಲಾ ಇದೆ. ಈಗ ನಮ್ಮ ಅಪ್‌ಗ್ರೇಡ್ ಹಾಳೆಯಲ್ಲಿ ಅದಕ್ಕೇ ಒಂದು ಕಾಲಂ. ಕೊನೆಯಲ್ಲಿ ಅವರೇ ಸೇರಿಸಿದ ಒಂದು ಸಾಲೂ ಇದೆ: ನವೆಂಬರಿನ ಮೊದಲ ಭಾನುವಾರ ಬೇಡ. ಯಾಕೆ ಅಂತ ಹೊಳೆಯೋಕೆ ನನಗೆ ಎರಡು ನಿಮಿಷ ಬೇಕಾಯ್ತು. ಅವತ್ತು ಎರಡು ಗಂಟೆ ಹೊಡೆಯುವ ಹೊತ್ತಿಗೆ ಅವರ ಗಡಿಯಾರ ಹಿಂದಕ್ಕೆ ಒಂದಕ್ಕೆ ಹೋಗುತ್ತೆ, ಒಂದರಿಂದ ಎರಡರವರೆಗಿನ ಗಂಟೆ ಎರಡು ಸಲ ಬರುತ್ತೆ. ಒಂದೂವರೆಗೆ ಔಷಧಿ ಕೊಟ್ಟೆ ಅಂತ ಬರೆದರೆ ಯಾವ ಒಂದೂವರೆ? ಆ ರಾತ್ರಿ ಅವರಿಗೆ ಅದೇ ಸಾಕಷ್ಟು ತಲೆನೋವು. ಅವತ್ತಿಂದ ಮಾರ್ಚಿನವರೆಗೆ ನಮ್ಮ ಕೆಲಸ ಹನ್ನೆರಡೂವರೆಗೆ ಶುರು, ಊಟ ಇನ್ನೂ ತಡ. ಅಮ್ಮನಿಗೆ ಇನ್ನೂ ಹೇಳಿಲ್ಲ.