ನಮ್ಮ ಶಾಲೆಯ ಚಿತ್ರಗಳನ್ನು ಒಂದುಗೂಡಿಸಿದ ಸಂಗತಿ

ಈ ಸ್ಮರಣ ಸಂಚಿಕೆಯನ್ನು ಹೊರತರಬೇಕೆಂದು ನಿಶ್ಚಯವಾದಾಗ, ಅದಕ್ಕೆ ಬೇಕಾದ ಚಿತ್ರಗಳನ್ನು ಒದಗಿಸುವ ಭಾರವನ್ನು ನಾವೇ ವಹಿಸಿಕೊಂಡೆವು. ಅದು ಸುಲಭವಾದ ಕಾರ್ಯವೆಂದು ನಮಗೆ ತೋರಿತ್ತು. ಯಾಕಂದರೆ ನಮ್ಮಲ್ಲಿ ಚಿತ್ರಗಳಿಗೆ ಕೊರತೆಯಿರಲಿಲ್ಲ. ಶಾಲೆಯ ಕ್ಯಾಮೆರಾದಿಂದ 2009ನೆಯ ಇಸವಿಯಿಂದೀಚೆಗೆ ತೆಗೆದವುಗಳು ಕಛೇರಿಯ ಕಂಪ್ಯೂಟರಿನಲ್ಲಿದ್ದವು. ಉಪಾಧ್ಯಾಯಿನಿಯರು ತಮ್ಮ ತಮ್ಮ ಫೋನುಗಳಿಂದ ಇಳಿಸಿದವುಗಳು ಅವರ ಕೊಠಡಿಯ ಕಂಪ್ಯೂಟರಿನಲ್ಲಿದ್ದವು. ಕೆಲವು ಎರಡರಲ್ಲಿಯೂ ಇದ್ದವು. ಕೆಲವು ಒಂದರಲ್ಲಿ ಮಾತ್ರ. ಒಂದೇ ಮನೆಯ ದವಸವನ್ನು ಎರಡು ಕಣಜಗಳಲ್ಲಿ ತುಂಬಿ, ಯಾವುದರಲ್ಲಿ ಎಷ್ಟಿದೆಯೆಂಬ ಲೆಕ್ಕವನ್ನು ಮರೆತಂತಾಗಿತ್ತು ನಮ್ಮ ಸ್ಥಿತಿ.

ಒಂದರಲ್ಲಿರುವುದನ್ನು ಇನ್ನೊಂದಕ್ಕೆ ಸುರಿದರೆ ಕೆಲಸ ಮುಗಿಯಿತೆಂದು ನಾವು ಎಣಿಸಿದೆವು. ಕಂಪ್ಯೂಟರ್ ಕಲಿಸುವ ನಮ್ಮ ಕಿರಿಯ ಉಪಾಧ್ಯಾಯಿನಿಯವರು ನಮ್ಮನ್ನು ತಡೆದರು. ಕ್ಯಾಮೆರಾ ತಾನು ತೆಗೆದ ಚಿತ್ರಗಳಿಗೆ ಕ್ರಮಸಂಖ್ಯೆಯನ್ನೇ ಹೆಸರಾಗಿ ಇಡುತ್ತದೆ; 9999 ಮುಗಿದ ಮೇಲೆ ಪುನಃ 0001ರಿಂದ ಎಣಿಸತೊಡಗುತ್ತದೆ. ಆದಕಾರಣ ಒಂದೇ ಹೆಸರಿನ ಎರಡು ಚಿತ್ರಗಳು ಬೇರೆ ಬೇರೆ ವರ್ಷದವುಗಳಾಗಿರಬಹುದು. ಮೊದಲಿದ್ದುದರ ಸ್ಥಾನದಲ್ಲಿ ಇದನ್ನು ಇಡಲೋ ಎಂದು ಯಂತ್ರವು ಕೇಳುವಾಗ ನಾವು ಯೋಚಿಸದೆ ಆಗಲಿ ಎಂದೆವಾದರೆ, ಒಂದು ವರ್ಷದ ಆಟೋಟದ ಚಿತ್ರಕ್ಕಾಗಿ ಇನ್ನೊಂದು ವರ್ಷದ ವಾರ್ಷಿಕೋತ್ಸವದ ಚಿತ್ರವು ಅಳಿದುಹೋಗುವುದು. ಇದಕ್ಕೆ ವಿರುದ್ಧವಾಗಿ, ಒಂದೇ ಚಿತ್ರವು ಎರಡು ಹೆಸರುಗಳಲ್ಲಿ ಅವಿತಿರುವುದೂ ಉಂಟು.

ಆದುದರಿಂದ ಹೆಸರನ್ನು ನಂಬದೆ ಚಿತ್ರದ ಒಳಗನ್ನೇ ಪರೀಕ್ಷಿಸಬೇಕಾಯಿತು. ಪ್ರತಿಯೊಂದು ಚಿತ್ರದ ಅಂಕಿಗಳನ್ನೆಲ್ಲಾ ಗುಣಿಸಿ ಎಣಿಸಿ, ಅದಕ್ಕೊಂದು ಹೆಬ್ಬೆರಳ ಗುರುತಿನಂಥ ಸಂಖ್ಯೆಯನ್ನು ತೆಗೆಯುವ ವಿಧಾನವುಂಟು. ಇದನ್ನು ಹ್ಯಾಶ್ ಎನ್ನುತ್ತಾರೆ. ಎರಡು ಚಿತ್ರಗಳ ಗುರುತು ಒಂದೇ ಆದರೆ ಅವು ಒಂದೇ ಎಂದು ಹೆಚ್ಚುಕಡಿಮೆ ನಿಶ್ಚಯವಾಗಿ ಹೇಳಬಹುದು. ಒಂದು ಚುಕ್ಕೆಯಷ್ಟು ವ್ಯತ್ಯಾಸವಿದ್ದರೂ ಗುರುತು ಬೇರೆಯಾಗುವುದು. ಈ ಪ್ರಕಾರ ಯಥಾವತ್ತಾದ ಪ್ರತಿಗಳು ಭಯವಿಲ್ಲದೆ ತೊಲಗಿದವು. ಉಳಿದವುಗಳನ್ನು ತೆಗೆದ ದಿನದ ಮೇರೆಗೆ ಜೋಡಿಸಿದೆವು. ಕ್ಯಾಮೆರಾ ಈ ದಿನವನ್ನು ಚಿತ್ರದೊಳಗೇ ಬರೆದಿಡುತ್ತದೆ. ಈ ಬರಹಕ್ಕೆ ಎಕ್ಸಿಫ್ ಎಂದು ಹೆಸರು. ಆದರೆ ಒಂದು ವರ್ಷ ಕ್ಯಾಮೆರಾದ ಗಡಿಯಾರದ ಬ್ಯಾಟರಿ ಸೋತುಹೋಗಿ, ಆ ವರ್ಷದ ಚಿತ್ರಗಳೆಲ್ಲವೂ 2009ನೆಯ ಇಸವಿ ಜನವರಿ 1ರಂದು ತೆಗೆದವುಗಳೆಂದು ಹೇಳುತ್ತಿದ್ದವು. ಶಾಲೆ ಬಿಟ್ಟ ಮೇಲೆ ಉಪಾಧ್ಯಾಯಿನಿಯರೆಲ್ಲರೂ ಕೂಡಿ ಕುಳಿತು, ಬಾವಿಯ ಬಳಿಯ ಮಾವಿನ ಗಿಡದ ಎತ್ತರವನ್ನು ನೋಡಿ ಅವುಗಳ ವರ್ಷವನ್ನು ನಿರ್ಣಯಿಸಿದರು.

ಹೀಗೆ ಎರಡೂ ಸಂಗ್ರಹಗಳು ಒಂದಾದವು. ಆಗ ಆ ಕಿರಿಯ ಉಪಾಧ್ಯಾಯಿನಿಯವರು, ಇದೆಲ್ಲವನ್ನೂ ಪ್ರತ್ಯೇಕವಾದ ಒಂದು ಡಿಸ್ಕಿನಲ್ಲಿ ನಕಲು ಮಾಡಿ ಬೀರುವಿನಲ್ಲಿಡೋಣವೆಂದು ವಿನಯದಿಂದ ಹೇಳಿದರು. ಎರಡು ಕಡೆ ಇರುವುದಕ್ಕೆ ಮೂರನೆಯದರ ಖರ್ಚು ಏಕೆಂದು ನಾವು ಅವರ ಮಾತನ್ನು ತಳ್ಳಿಹಾಕಿದೆವು. ಅದರ ಬದಲು, ಒಂದು ಕಂಪ್ಯೂಟರಿನಲ್ಲಿ ಮಾಡಿದ್ದು ಇನ್ನೊಂದರಲ್ಲಿಯೂ ತಾನಾಗಿ ಆಗುವಂತೆ ಏರ್ಪಡಿಸಲು ಆಜ್ಞಾಪಿಸಿದೆವು. ಈ ಏರ್ಪಾಡನ್ನು ಸಿಂಕ್ ಎನ್ನುತ್ತಾರೆ.

ಆಮೇಲೆ ನಾವು ಮಾಡಿದ ಕೆಲಸವನ್ನು ಇಲ್ಲಿ ಮರೆಮಾಚದೆ ಹೇಳುತ್ತೇವೆ. ಒಂದೇ ಸಂದರ್ಭದಲ್ಲಿ ನಾಲ್ಕೈದು ಸಲ ತೆಗೆದ ಚಿತ್ರಗಳು ಬಹಳವಿದ್ದವು. ಒಂದು ಶನಿವಾರ ನಾವೇ ಕಛೇರಿಯಲ್ಲಿ ಕುಳಿತು, ಪ್ರತಿಯೊಂದು ಗುಂಪಿನಲ್ಲಿ ಉತ್ತಮವಾದ ಒಂದನ್ನು ಉಳಿಸಿ ಮಿಕ್ಕವುಗಳನ್ನು ಅಳಿಸಿದೆವು. ಅಳಿಸಿದ್ದು ಬೀಳುವ ಕಸದ ಬುಟ್ಟಿಯನ್ನೂ ಬರಿದುಮಾಡಿದೆವು. ಸಿಂಕ್ ತನ್ನ ಕರ್ತವ್ಯವನ್ನು ಚಾಚೂ ತಪ್ಪದೆ ನಡೆಸಿತು. ಉಪಾಧ್ಯಾಯಿನಿಯರ ಕೊಠಡಿಯಲ್ಲಿಯೂ ಅವೆಲ್ಲವೂ ಮಾಯವಾದವು. ಮನೆ ಗುಡಿಸಿದ ತೃಪ್ತಿಯಿಂದ ನಾವು ಊಟಕ್ಕೆ ಹೋದೆವು.

ಎರಡು ತಿಂಗಳಾದ ಮೇಲೆ ನಮ್ಮ ಬೋರ್ಡಿಂಗಿನ ಅಡುಗೆಯಕ್ಕ ತೀರಿಕೊಂಡ ಸುದ್ದಿ ಬಂತು. ಮೂವತ್ತು ವರ್ಷಗಳಿಗೆ ಮೇಲ್ಪಟ್ಟು ನಿಮಗೆಲ್ಲಾ ಗಂಜಿ ಬಡಿಸಿದ ಕೈ ಅದು. ಆಕೆಯ ಮಗಳು ನಮ್ಮ ಬಳಿಗೆ ಬಂದು, “ದೊಡ್ಡ ಟೀಚರೇ, ಅಮ್ಮನ ಮುಖ ಕಾಣುವ ಒಂದು ಪಟ ಶಾಲೆಯಲ್ಲಿದ್ದರೆ ಕೊಡಿ. ಮನೆಯಲ್ಲಿ ರೇಷನ್ ಕಾರ್ಡಿನದು ಬಿಟ್ಟು ಬೇರೊಂದಿಲ್ಲ” ಎಂದಳು. ಆಗಲೆಂದು ಧೈರ್ಯವಾಗಿ ಹೇಳಿ ನಾವು ಹುಡುಕತೊಡಗಿದೆವು.

ಅಡುಗೆಯಕ್ಕ ಚಿತ್ರಕ್ಕಾಗಿ ಎಂದೂ ನಿಂತವಳಲ್ಲ. 2016ನೆಯ ಇಸವಿಯ ಬೀಳ್ಕೊಡುಗೆಯ ಊಟದ ಚಿತ್ರವೊಂದು ಸಿಕ್ಕಿತು. ಮಕ್ಕಳೆಲ್ಲರೂ ಕಣ್ಣು ತೆರೆದು ನಗುತ್ತಿದ್ದರು. ಅದರ ಅಂಚಿನಲ್ಲಿ ಸೌಟು ಹಿಡಿದ ಕೈಯೊಂದು ಮಾತ್ರ ಕಾಣುತ್ತಿತ್ತು. ಆ ಊಟದ ಐದು ಚಿತ್ರಗಳಲ್ಲಿ ನಾವು ಉಳಿಸಿದ್ದು ಅದೊಂದನ್ನೇ. ಅಳಿಸಿದ ಒಂದರಲ್ಲಿ ಆಕೆ ನಮ್ಮ ಕಡೆಗೆ ತಿರುಗಿ ನಕ್ಕದ್ದು ನಮಗೆ ಆಗ ನೆನಪಾಯಿತು. ಇಬ್ಬರು ಹುಡುಗಿಯರು ಕಣ್ಣು ಮುಚ್ಚಿದ್ದರೆಂದು ಅದನ್ನು ತೆಗೆದುಹಾಕಿದ್ದೆವು. ಕ್ಯಾಮೆರಾದ ಕಾರ್ಡಿನಲ್ಲಿ ಎಂದೋ ಬೇರೆ ಚಿತ್ರಗಳು ತುಂಬಿದ್ದವು. ಕಿರಿಯ ಉಪಾಧ್ಯಾಯಿನಿಯವರು ಬಗೆಬಗೆಯಾಗಿ ಪ್ರಯತ್ನಿಸಿದರೂ ಫಲವಾಗಲಿಲ್ಲ. ತಾವು ಹಿಂದೆ ಹೇಳಿದ ಮಾತನ್ನು ಅವರು ಒಮ್ಮೆಯೂ ಎತ್ತಲಿಲ್ಲ. ಅದು ನಮ್ಮನ್ನು ಇನ್ನಷ್ಟು ನಾಚಿಸಿತು.

ಕಡೆಗೆ ಆ ತರಗತಿಯ ಹಳೆಯ ವಿದ್ಯಾರ್ಥಿನಿಯೊಬ್ಬಳು ನಮ್ಮನ್ನು ಉದ್ಧರಿಸಿದಳು. ಆ ದಿನ ವಾಟ್ಸಾಪಿನಲ್ಲಿ ಹಂಚಿಕೊಂಡಿದ್ದ ಅದೇ ಚಿತ್ರವು ಅವಳ ಫೋನಿನಲ್ಲಿ ಉಳಿದಿತ್ತು. ಹಾಗೆ ಕಳುಹಿಸುವಾಗ ಚಿತ್ರವು ಕುಗ್ಗುವುದರಿಂದ, ಅಂಗೈಯಗಲಕ್ಕಿಂತ ದೊಡ್ಡದು ಮಾಡಿದರೆ ಮುಖವು ಮಸುಕಾಗುತ್ತದೆ. ಅಂಗೈಯಗಲವೇ ಅಚ್ಚು ಹಾಕಿಸಿ ಮಗಳ ಕೈಯಲ್ಲಿಟ್ಟೆವು. ಅವಳು ಅದನ್ನು ಸೆರಗಿನಿಂದ ಒರೆಸಿ, “ಅಮ್ಮನೇ” ಎಂದಳು. ದೊಡ್ಡದು ಯಾಕಿಲ್ಲವೆಂದು ಕೇಳಲಿಲ್ಲ. ಕೇಳದಿದ್ದರೂ ನಾವು ನಡೆದುದನ್ನು ಆಕೆಗೆ ಹೇಳಿ ಕ್ಷಮೆ ಬೇಡಿದೆವು.

ಈಗ ಶಾಲೆಯ ಚಿತ್ರಗಳಿಗೆ ಮೂರು ಪ್ರತಿಗಳಿವೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಕಟ್ಟಡದಲ್ಲಿ. ಇದು ಪೀಟರ್ ಕ್ರೋಗ್ ಎಂಬ ಅಮೇರಿಕದ ಛಾಯಾಗ್ರಾಹಕರು ಪ್ರಚಾರಕ್ಕೆ ತಂದ ನಿಯಮ. ಬೀರುವಿನ ಡಿಸ್ಕನ್ನು ತಿಂಗಳಿಗೊಮ್ಮೆ ಮಾತ್ರ ಜೋಡಿಸಿ, ಹೊಸ ಚಿತ್ರಗಳನ್ನು ಸೇರಿಸಿ, ಪುನಃ ಬೇರ್ಪಡಿಸುತ್ತೇವೆ. ಅದರಿಂದ ಏನನ್ನೂ ಅಳಿಸುವುದಿಲ್ಲ. ಸಿಂಕ್ ಇಂದಿಗೂ ನಡೆಯುತ್ತಿದೆ. ಆದರೆ ಅದು ನಮ್ಮ ಒಳ್ಳೆಯ ಕೆಲಸವನ್ನು ಹೇಗೋ ಹಾಗೆಯೇ ನಮ್ಮ ತಪ್ಪನ್ನೂ ಎರಡು ಕಡೆಗೆ ಒಯ್ಯುತ್ತದೆಂಬುದನ್ನು ನಾವು ಕಲಿತಿದ್ದೇವೆ.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ಪೋಷಕರೇ, ನಿಮ್ಮಲ್ಲಿರುವ ಶಾಲೆಯ ಚಿತ್ರಗಳನ್ನು ದಯವಿಟ್ಟು ನಮಗೆ ಕಳುಹಿಸಿರಿ. ವಾಟ್ಸಾಪಿನಲ್ಲಿ ಕಳುಹಿಸುವುದಾದರೆ ಡಾಕ್ಯುಮೆಂಟ್ ಎಂಬ ದಾರಿಯಿಂದ ಕಳುಹಿಸಿರಿ. ಆಗ ಚಿತ್ರವು ಕುಗ್ಗುವುದಿಲ್ಲ. ವರ್ಷವನ್ನೂ ಚಿತ್ರದಲ್ಲಿರುವವರ ಹೆಸರುಗಳನ್ನೂ ಬರೆಯಿರಿ. ಕಣ್ಣು ಮುಚ್ಚಿದವುಗಳನ್ನೂ, ಅಲುಗಿದವುಗಳನ್ನೂ ಸಂಕೋಚಪಡದೆ ಕಳುಹಿಸಿರಿ. ಹಿಂಬದಿಯಲ್ಲಿ ಯಾರು ನಿಂತಿದ್ದಾರೆಂದು ಈಗ ನಾವು ಮೊದಲು ನೋಡುತ್ತೇವೆ.

— ಮುಖ್ಯೋಪಾಧ್ಯಾಯಿನಿ