ಅಪ್ಪನ ನೋಟ್‌ಬುಕ್ಕು ಮತ್ತು ಕಲೆಕ್ಷನ್ಸ್ ಡಾಟ್ ಸಾರ್ಟ್

ಪ್ರತಿ ವರ್ಷ ಜುಲೈ ಬಂತೆಂದರೆ ಓಎಂಆರ್ ರಸ್ತೆಯಲ್ಲಿರುವ ನಮ್ಮ ಆಫೀಸಿಗೆ ಆಗಷ್ಟೇ ಕಾಲೇಜು ಮುಗಿಸಿದ ಹುಡುಗ ಹುಡುಗಿಯರ ಒಂದು ಹಿಂಡು ಬರುತ್ತದೆ. ಅವರಿಗೆ ಜಾವಾ ಭಾಷೆಯ ಲಿಸ್ಟ್ ಪಾಠ ಹೇಳುವುದು ಏಳು ವರ್ಷದಿಂದ ನನ್ನ ಕೆಲಸ. ಲಿಸ್ಟ್ ಅಂದರೆ ಪಟ್ಟಿ, ಅಷ್ಟೆ. ಅದರ ಜೊತೆಗೆ ಕಲೆಕ್ಷನ್ಸ್ ಅಂತ ಒಂದು ಕ್ಲಾಸ್ ಇದೆ, ಕೊನೆಯಲ್ಲಿ 'ಸ್' ಇರುವುದು. ಪಟ್ಟಿಯನ್ನು ಅನುಕ್ರಮದಲ್ಲಿ ಜೋಡಿಸು, ತಿರುಗಿಸು, ಇಸ್ಪೀಟಿನ ಹಾಗೆ ಕಲಸು, ಹುಡುಕು, ಯಾರೂ ಮುಟ್ಟದ ಹಾಗೆ ಬೀಗ ಹಾಕು, ಹೀಗೆ ಪಟ್ಟಿಯ ಮೇಲೆ ಮಾಡಬೇಕಾದ ಚಿಲ್ಲರೆ ಕೆಲಸಗಳಿಗೆಲ್ಲ ಅದರಲ್ಲಿ ಸಿದ್ಧ ಮೆಥಡ್‌ಗಳಿವೆ. ಜೋಶುವಾ ಬ್ಲಾಕ್ ಎಂಬ ಎಂಜಿನಿಯರ್ ಮುಂದೆ ನಿಂತು ರೂಪಿಸಿದ ಈ ಸಲಕರಣೆಗಳು 1998ರ ಡಿಸೆಂಬರ್‌ನಲ್ಲಿ ಜಾವಾ 1.2ರ ಜೊತೆ ಬಂದವು. ಇವತ್ತಿಗೂ ನಮ್ಮ ಹೊಟ್ಟೆಪಾಡು ಅವುಗಳ ಮೇಲೇ ನಡೆಯುತ್ತಿದೆ.

ಮೊದಲ ದಿನವೇ ನಾನು ಹೇಳುವ ಮಾತು ಒಂದಿದೆ. 'ನೋಡಿ, ಸಾರ್ಟ್ ಏನನ್ನೂ ವಾಪಸ್ ಕೊಡುವುದಿಲ್ಲ, ಅದು ವಾಯ್ಡ್. ನಿಮಗೆ ಹೊಸ ಪಟ್ಟಿ ಸಿಗುವುದಿಲ್ಲ, ಕೊಟ್ಟ ಪಟ್ಟಿಯನ್ನೇ ಅದು ಕದಲಿಸಿಬಿಡುತ್ತದೆ.' ಎಲ್ಲರೂ ತಲೆಯಾಡಿಸುತ್ತಾರೆ. ನಾನೂ ಏಳು ವರ್ಷ ತಲೆಯಾಡಿಸಿಕೊಂಡೇ ಹೇಳಿದ್ದೆ.

ಅಪ್ಪ ಹಾಸನ ಜಿಲ್ಲೆಯ ಅರಕಲಗೂಡು ಕಡೆ ಪ್ರೈಮರಿ ಶಾಲೆಯ ಮೇಷ್ಟ್ರಾಗಿದ್ದವರು. ಊರಿನವರ ಬಾಯಲ್ಲಿ ಕೇಳಿದ, ಪಠ್ಯಪುಸ್ತಕದಲ್ಲಿ ಕಾಣದ ಪದಗಳನ್ನು ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಬರೆದಿಡುವ ಅಭ್ಯಾಸ ಅವರಿಗೆ. ಹಗೇವು, ಮೇಳಿ, ಮಿಣಿ, ಕೂರಿಗೆ, ಮಂಕರಿ, ಸಿಂಬಿ. ಪದ, ಪಕ್ಕದಲ್ಲಿ ಒಂದು ಸಾಲಿನ ಅರ್ಥ, ಎಲ್ಲ ಶಾಯಿ ಪೆನ್ನಿನಲ್ಲಿ. 2023ರ ಮಳೆಗಾಲದಲ್ಲಿ ಕೊರಿಯರ್ ಮಾಡಿ, 'ಕಂಪ್ಯೂಟರಿಗೆ ಹಾಕ್ಕೊಡು ಮಗ, ಒಂದು ಪುಸ್ತಕ ಆಗುತ್ತೇನೋ ನೋಡೋಣ' ಅಂದರು. ಒಟ್ಟು 640 ಪದಗಳು. ಶನಿವಾರ ಭಾನುವಾರ ಕೂತು ಟೈಪ್ ಮಾಡಿದೆ. ಪ್ರೋಗ್ರಾಮಿನಲ್ಲಿ 'ಪದ' ಅಂತ ಒಂದು ಕ್ಲಾಸ್ ಮಾಡಿ ಅದಕ್ಕೆ ಎರಡು ಫೀಲ್ಡ್ ಕೊಟ್ಟೆ, ಪದ ಮತ್ತು ಅರ್ಥ. ಮಾರ್ಜಿನ್ನಿನಲ್ಲಿ ಅಲ್ಲೊಂದು ಇಲ್ಲೊಂದು ಹೆಸರು ಬರೆದಿತ್ತು. 'ಅವ್ವ', 'ಕಮ್ಮಾರರ ಮನೆ', 'ಸಂತೆಯಲ್ಲಿ'. ಅವು ಪುಸ್ತಕಕ್ಕೇನು ಬೇಕು ಅಂತ ಬಿಟ್ಟೆ.

ಸಾರ್ಟ್ ಮಾಡಿ ಪ್ರಿಂಟ್ ತೆಗೆದು ಕಳಿಸಿದೆ. ನಾಲ್ಕನೇ ದಿನ ಅಪ್ಪನ ಫೋನು. 'ಅಲ್ಲ ಕಣೋ, ಬಳ್ಳ ಆದಮೇಲೆ ಬಸಿಗಾಲುವೆ ಬರುತ್ತೇನೋ? ಒಂದನೇ ಕ್ಲಾಸಿನಲ್ಲಿ ನಾನೇ ನಿನಗೆ ಹೇಳಿಕೊಟ್ಟಿದ್ದಲ್ವ? ಹ ಆದಮೇಲೆ ಳ.'

ಅವರ ಮಾತೇ ಸರಿ. ಸಾರ್ಟ್‌ಗೆ ವರ್ಣಮಾಲೆ ಗೊತ್ತಿಲ್ಲ. ಅದು ನೋಡುವುದು ಪ್ರತಿ ಅಕ್ಷರದ ಯೂನಿಕೋಡ್ ಸಂಖ್ಯೆಯನ್ನು. ಆ ಸಂಖ್ಯೆಗಳಲ್ಲಿ ಳ ಕೂತಿರುವುದು ಲ ಪಕ್ಕದಲ್ಲಿ, ವ ಗಿಂತ ಮುಂಚೆ. ಇದಕ್ಕೆ ಕಾರಣ ಹಳೆಯದು. ಯೂನಿಕೋಡ್ ಭಾರತೀಯ ಲಿಪಿಗಳನ್ನು ಸೇರಿಸಿಕೊಂಡಾಗ 1988ರ ಇಸ್ಕಿ ಎಂಬ ನಮ್ಮ ದೇಶದ ಮಾನಕವನ್ನೇ ಅಚ್ಚಾಗಿ ಇಟ್ಟುಕೊಂಡಿತು. ಎಲ್ಲ ಲಿಪಿಗಳಲ್ಲೂ ಒಂದೇ ಉಚ್ಚಾರದ ಅಕ್ಷರ ಒಂದೇ ಸ್ಥಾನದಲ್ಲಿರಲಿ ಎಂಬುದು ಅದರ ಲೆಕ್ಕ. ಲಿಪಿಯಿಂದ ಲಿಪಿಗೆ ಬದಲಾಯಿಸಲು ಅನುಕೂಲ, ನಿಜ. ಆದರೆ ಒಬ್ಬೊಬ್ಬರ ಮನೆಯ ಕ್ರಮ ಒಂದೊಂದು ಥರ. ಪಕ್ಕದ ಸೀಟಿನ ತಮಿಳು ಗೆಳೆಯನಿಗೆ ಹೇಳಿದರೆ ಅವನು ನಕ್ಕುಬಿಟ್ಟ. ಅವರ ವರ್ಣಮಾಲೆಯಲ್ಲಿ ಕಟ್ಟಕಡೆಗೆ ಬರಬೇಕಾದ 'ನ' ಒಂದಿದೆಯಂತೆ, ಯೂನಿಕೋಡ್‌ನಲ್ಲಿ ಅದು ಮಧ್ಯದಲ್ಲಿ ಇನ್ನೊಂದು 'ನ' ಪಕ್ಕ ಕೂತಿದೆ. ಗಡಿ, ನೀರು ಅಂತ ಜಗಳವಾಡುವ ನಮಗಿಬ್ಬರಿಗೂ ಇದೊಂದು ದೂರು ಸಮನಾಗಿ ಸಿಕ್ಕಿತು.

ಸರಿ, ಎರಡು ಪದಗಳಲ್ಲಿ ಯಾವುದು ಮೊದಲು ಅಂತ ತೀರ್ಮಾನ ಹೇಳುವ ಕಂಪ್ಯಾರೇಟರ್ ಒಂದನ್ನು ನಾನೇ ಬರೆದೆ. ಕಡೆಯಲ್ಲಿ ಳ ಇಟ್ಟೆ. ನನ್ನ ಪಟ್ಟಿಯಲ್ಲಿಲ್ಲದ ಅಕ್ಷರ ಬಂದರೆ 'ಅದು ದೊಡ್ಡದು' ಅನ್ನು ಅಂದೆ. ಮೊದಲ ಇಪ್ಪತ್ತು ಪದಕ್ಕೆ ಚೆನ್ನಾಗಿ ಓಡಿತು, 640ಕ್ಕೆ ದೊಪ್ಪನೆ ಬಿತ್ತು. 'ಕಂಪ್ಯಾರಿಸನ್ ಮೆಥಡ್ ವಯಲೇಟ್ಸ್ ಇಟ್ಸ್ ಜನರಲ್ ಕಾಂಟ್ರ್ಯಾಕ್ಟ್' ಅಂತ ಬೈಗುಳ. ಎರಡೂ ಕಡೆ ಅಪರಿಚಿತ ಅಕ್ಷರ ಇದ್ದಾಗ ನನ್ನ ಕಂಪ್ಯಾರೇಟರ್ ಇವನಿಗಿಂತ ಅವನು ದೊಡ್ಡವನು ಅನ್ನುತ್ತಿತ್ತು, ತಿರುಗಿಸಿ ಕೇಳಿದರೆ ಅವನಿಗಿಂತ ಇವನು ದೊಡ್ಡವನು ಅನ್ನುತ್ತಿತ್ತು. 2011ರ ಜಾವಾ 7ರಿಂದ ಸಾರ್ಟ್ ಇಂಥ ಎರಡು ನಾಲಿಗೆಯನ್ನು ಎಷ್ಟೋ ಸಲ ಹಿಡಿದುಬಿಡುತ್ತದೆ, ಆದರೆ ಪಟ್ಟಿ ತೀರಾ ಚಿಕ್ಕದಿದ್ದರೆ ಗಮನಿಸುವುದಿಲ್ಲ. ಆ ಅಪರಿಚಿತರು ಯಾರು ಅಂತ ನೋಡಿದರೆ ಕೀಬೋರ್ಡಿನಿಂದ ನುಸುಳಿದ್ದ, ಕಣ್ಣಿಗೆ ಕಾಣದ ಜೋಡಕಾಕ್ಷರಗಳು. ಅವನ್ನು ತೆಗೆದು ಹಾಕಿದೆ.

ಮತ್ತೊಂದು ಸಂಜೆ ಅಪ್ಪ 'ಬಳ್ಳಕ್ಕೆ ಏನು ಅರ್ಥ ಬರೆದಿದ್ದೆ ನೋಡಿ ಹೇಳು' ಅಂದರು. ಹುಡುಕಿಸಿದರೆ ಇಲ್ಲ ಅಂತ ಬಂತು. 'ಇದೆ ಕಣೋ, ನಾನೇ ಬರೆದಿದ್ದೀನಿ.' ಇತ್ತು. ಬೈನರಿ ಸರ್ಚ್ ಪಟ್ಟಿಯನ್ನು ಅರ್ಧರ್ಧ ಸೀಳುತ್ತಾ ಹೋಗಿ ಹುಡುಕುತ್ತದೆ. ಯಾವ ಕ್ರಮದಲ್ಲಿ ಜೋಡಿಸಿದ್ದೇವೋ ಅದೇ ಕ್ರಮವನ್ನು ಅದಕ್ಕೂ ಹೇಳಬೇಕು. ನಾನು ಸಾರ್ಟ್‌ಗೆ ಮಾತ್ರ ಹೊಸ ಕಂಪ್ಯಾರೇಟರ್ ಕೊಟ್ಟು ಇದಕ್ಕೆ ಕೊಡಲು ಮರೆತಿದ್ದೆ. ಅದು ದೋಷ ಹೇಳುವುದಿಲ್ಲ, ಬೈಯುವುದಿಲ್ಲ. ಇರುವುದನ್ನು ಇಲ್ಲ ಅಂದು ಸುಮ್ಮನಾಗುತ್ತದೆ. ಬೈದು ಬೀಳುವ ತಪ್ಪಿಗಿಂತ ನನಗೆ ಇಂಥದ್ದೇ ಹೆದರಿಕೆ.

ಡಿಸೆಂಬರ್ ಮೊದಲ ವಾರ ಮಿಚಾಂಗ್ ಚಂಡಮಾರುತ ಬಂತು. ನಾವಿರುವುದು ವೇಳಚೇರಿಯಲ್ಲಿ, ಅದೂ ನೆಲಮಹಡಿ. ನಾಲ್ಕನೇ ತಾರೀಕು ನೀರು ಮಂಚದ ಕಾಲು ದಾಟಿತು. ಮಗಳನ್ನು, ಲ್ಯಾಪ್‌ಟಾಪನ್ನು ಎತ್ತಿಕೊಂಡು ಮೇಲಿನ ಮನೆಗೆ ಹೋದೆವು. ಕೆಳಗಿನ ಡ್ರಾಯರ್‌ನಲ್ಲಿದ್ದ ನೋಟ್‌ಬುಕ್ಕು ಮೂರನೇ ದಿನ ಸಿಕ್ಕಾಗ ನೀಲಿ ನೀರಿನ ಮುದ್ದೆಯಾಗಿತ್ತು. ಟೈಪ್ ಮಾಡಿಯಾಗಿದೆಯಲ್ಲ, ಪರವಾಗಿಲ್ಲ ಅಂತ ಹೆಂಡತಿಗೆ ಹೇಳಿದೆ. ಅಪ್ಪನಿಗೂ ಅದನ್ನೇ ಹೇಳಿದೆ.

ಅಪ್ಪ ಸ್ವಲ್ಪ ಹೊತ್ತು ಬಿಟ್ಟು ಕೇಳಿದರು. 'ನಾನು ಬರೆದ ಹಾಗೇ ಒಂದು ಪ್ರತಿ ಇದೆಯಲ್ಲ? ಮಾರ್ಜಿನ್ನಿನಲ್ಲಿ ಒಬ್ಬರ ಹೆಸರು ಬರೆದರೆ ಇನ್ನೊಂದು ಹೆಸರು ಬರೋವರೆಗೂ ಎಲ್ಲ ಅವರು ಹೇಳಿದ ಪದಗಳೇ. ಅವ್ವಂದು ಒಂದು ಎಂಟು ಪುಟ ಇರಬೇಕು.'

ಇದೆ ಅಪ್ಪ, ಅಂದೆ. ಇದೆ ಅಂತಲೇ ನಂಬಿದ್ದೆ. ಸಾರ್ಟ್ ಮಾಡುವ ಮುಂಚೆ 'ಮೂಲ' ಅಂತ ಹೆಸರಿಟ್ಟು, ಅನ್‌ಮಾಡಿಫೈಯಬಲ್ ಲಿಸ್ಟ್ ಎಂಬ ಮೆಥಡ್‌ನಿಂದ ಬೀಗ ಹಾಕಿ ಇಟ್ಟಿದ್ದೆ. ಅಕ್ಷರಗಳನ್ನೆಲ್ಲ ಶುದ್ಧ ಮಾಡಿದ ಮೇಲೆ ಆ ಮೂಲವನ್ನೇ ಹಳೆಯ ಫೈಲಿನ ಮೇಲೆ ಬರೆಸಿದ್ದೆ. ಫೈಲು ತೆರೆದು ನೋಡಿದೆ. ಅ ಇಂದ ಳ ವರೆಗೆ ಚೊಕ್ಕಟವಾಗಿ ಜೋಡಿಸಿಕೊಂಡು ಕೂತಿತ್ತು.

ಆ ಮೆಥಡ್ ಪ್ರತಿ ಮಾಡುವುದಿಲ್ಲ. ಅದು ಕೊಡುವುದು ಬರೀ ಗಾಜಿನ ಕಿಟಕಿ. ಆ ಕಿಟಕಿಯಿಂದ ಕೈ ಹಾಕಲು ಆಗುವುದಿಲ್ಲ, ಆದರೆ ಒಳಗೆ ಬೇರೆ ಬಾಗಿಲಿನಿಂದ ಹೋದವರು ಸಾಮಾನು ಕದಲಿಸಿದರೆ ಕಿಟಕಿಯಲ್ಲೂ ಕದಲಿದ್ದೇ ಕಾಣುತ್ತದೆ. ಹೊಸ ಅರೇಲಿಸ್ಟ್ ಮಾಡಿ ಅದಕ್ಕೆ ತುಂಬಿದ್ದರೆ ಮುಗಿಯುತ್ತಿತ್ತು, ಒಂದೇ ಸಾಲು. ಪಾಠದ ಎರಡನೇ ದಿನ ಇದನ್ನೇ ಹುಡುಗರಿಗೆ ಹೇಳುತ್ತೇನೆ, ಬೋರ್ಡಿನ ಮೇಲೆ ಚಿತ್ರ ಬರೆದು. ಆಫೀಸಿನಲ್ಲಾದರೆ ಹಿಂದಿನ ಆವೃತ್ತಿ ಗಿಟ್‌ನಲ್ಲಿ ಇರುತ್ತಿತ್ತು. ಮನೆಯ ಕೆಲಸಕ್ಕೆ ಯಾರು ಗಿಟ್ ಹಾಕುತ್ತಾರೆ? ಕಲೆಕ್ಷನ್ಸ್‌ನಲ್ಲಿ ತಿರುಗಿಸಲು, ಕಲಸಲು ಮೆಥಡ್ ಇದೆ. ಮೊದಲು ಹೇಗಿತ್ತೋ ಹಾಗೆ ಮಾಡು ಅನ್ನಲು ಇಲ್ಲ.

ನಿಜ ಹೇಳಲು ಎರಡು ದಿನ ತೆಗೆದುಕೊಂಡೆ. ಅಪ್ಪ ಬೈಯಲಿಲ್ಲ, ಅದೇ ಕಷ್ಟವಾಯಿತು. 'ಒಂದೊಂದೇ ಓದು, ನೆನಪಿದ್ದಷ್ಟು ಹೇಳ್ತೀನಿ' ಅಂದರು.

ಅಂದಿನಿಂದ ಭಾನುವಾರ ರಾತ್ರಿ ಊಟವಾದ ಮೇಲೆ ಕೂರುತ್ತೇವೆ. ಕ್ಲಾಸಿಗೆ ಮೂರನೇ ಫೀಲ್ಡ್ ಸೇರಿಸಿದ್ದೇನೆ, ಹೇಳಿದವರು. ಮೇಳಿ, ಮಿಣಿ, ಕುಳ ಕಮ್ಮಾರರ ಮನೆಯವು ಅಂತ ತಟ್ಟನೆ ಬಂತು. ಸಿಂಬಿ ಅಜ್ಜಿಯದು. ಯಾವತ್ತು, ಏನು ಹೊತ್ತುಕೊಂಡು ಬರುವಾಗ ಹೇಳಿದ್ದು ಅನ್ನುವುದೂ ಬಂತು, ಅದಕ್ಕೆ ಫೀಲ್ಡ್ ಇಲ್ಲ, ಅರ್ಥದಲ್ಲೇ ತುರುಕಿದೆ. ಇಲ್ಲಿಯವರೆಗೆ 212 ಪದಗಳಿಗೆ ಹೆಸರು ಸಿಕ್ಕಿದೆ. ಅಪ್ಪನಿಗೆ ಎಪ್ಪತ್ತನಾಲ್ಕು.

ಹೋದ ವಾರ ಹಗೇವು ಬಂತು.

'ಅದು ಅವ್ವಂದೋ, ಸಂತೆಯಲ್ಲಿ ಕೇಳಿದ್ದೋ...' ಅಪ್ಪ ತುಂಬ ಹೊತ್ತು ಸುಮ್ಮನಿದ್ದರು. 'ಗೊತ್ತಾಗ್ತಿಲ್ಲ ಕಣೋ. ಅವ್ವ ಅಂತ ಸುಮ್ನೆ ಬರಿಬೇಡ. ಖಾಲಿ ಬಿಡು.'

ನಲ್ ಅಂತ ಬಿಟ್ಟು ಮುಂದಿನ ಪದ ಓದಿದೆ.